ಪಾಸಾದ ದೀಪ

ಸಮಾಧಾನವಾಗಿ ಹೇಳು ಅಂತೀರಿ. ಸಮಾಧಾನ ಎಲ್ಲಿಂದ ತರಲಿ? ನನ್ನ ಹತ್ತಿರ ಇರೋದು ಸಿಟ್ಟೊಂದೇ. ಕೇಳೋದಾದರೆ ಹೀಗೇ ಕೇಳಿ, ಇಲ್ಲದಿದ್ದರೆ ಎದ್ದು ಹೋಗಿ.

ನಮ್ಮೂರಿಗೂ ಆಚೆಯೂರಿಗೂ ನಡುವೆ ಒಂದು ಕಣಿವೆ. ಅದರೊಳಗೆ ಬಿಸಿಲು ಇಳಿಯೋದಿಲ್ಲ. ಮಟಮಟ ಮಧ್ಯಾಹ್ನದಲ್ಲೂ ಅಲ್ಲಿ ಕತ್ತಲೆ. ಬಲಕ್ಕೆ ಬಂಡೆ, ಎಡಕ್ಕೆ ಪ್ರಪಾತ, ನಡುವೆ ಎರಡು ಮಾರು ಅಗಲದ ದಾರಿ. ಆ ದಾರಿಯಲ್ಲಿ ಎತ್ತು ಹೆಜ್ಜೆ ಇಡೋದಿಲ್ಲ, ಕುದುರೆ ಹೆಜ್ಜೆ ಇಡೋದಿಲ್ಲ. ಮೋಟಾರು ಬೈಕು ಹೋಗುತ್ತೆ, ಅದೂ ಮುಂದೆ ದೀಪ ಇದ್ದರೆ. ಆಚೆಯ ಉಪ್ಪು ನಮಗೆ ಬೇಕು, ನಮ್ಮ ಸೂಲಗಿತ್ತಿ ಅವರಿಗೆ ಬೇಕು. ಹಾಗಾಗಿ ಹೋಗ್ತಾ ಬರ್ತಾ ಇರಲೇಬೇಕು.

ಗಾಡಿ ಹುಟ್ಟುವಾಗಲೇ ಜೊತೆಗೊಂದು ದೀಪ ಬರುತ್ತೆ. ಅದರ ಗಾಜಿನ ಮೇಲೆ ಒಂದು ಉಂಗುರ, ಉಂಗುರದೊಳಗೆ ಮೂರು ಗೆರೆ. ಅದು ಮುದ್ರೆ. ಮುದ್ರೆಯ ದೀಪದ ಬೆಳಕು ನೋಡಿದ್ದೀರಾ? ಮಿಣುಕುಹುಳ ಎಷ್ಟೋ ವಾಸಿ. ಅದನ್ನು ನಂಬಿ ಕಣಿವೆಗೆ ಇಳಿದವರು ಯಾರೂ ಇಲ್ಲ. ಹೊಸ ಗಾಡಿ ತಂದ ದಿನವೇ ನನ್ನ ಹತ್ತಿರ ಬರ್ತಾರೆ. ನಾನು ಮೇಸ್ತ್ರಿ. ಮುದ್ರೆಯ ದೀಪ ಬಿಚ್ಚಿ ಕೈಗೆ ಕೊಡ್ತೀನಿ, ಅದನ್ನು ಅಟ್ಟಕ್ಕೆ ಹಾಕ್ತಾರೆ. ನಾನು ಕಟ್ಟಿದ ದೀಪ ಗಾಡಿಗೆ ಹಾಕ್ತೀನಿ. ಅದಕ್ಕೆ ಮುದ್ರೆ ಇಲ್ಲ, ಬೆಳಕಿದೆ.

ವರ್ಷಕ್ಕೊಂದು ದಿನ ಪಾಸಿಂಗು, ಗಾಡಿಗಳ ಪರೀಕ್ಷೆ. ಅವತ್ತು ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಊರಿನ ಗಾಡಿಗಳೆಲ್ಲ ಬಯಲಲ್ಲಿ ಸಾಲಾಗಿ ನಿಲ್ಲಬೇಕು. ಹೊಂಗೆ ಮರದ ಕೆಳಗೆ ಕುರ್ಚಿ, ಕುರ್ಚಿಯ ಮೇಲೆ ಪರೀಕ್ಷಕ, ಅವನ ಕೈಯಲ್ಲಿ ಭೂತಗನ್ನಡಿ. ಗಾಡಿ ಮುಂದೆ ಬರುತ್ತೆ. ಅವನು ಬಗ್ಗಿ ಗಾಜಿಗೆ ಭೂತಗನ್ನಡಿ ಹಿಡಿದು ಕೇಳ್ತಾನೆ: "ಮುದ್ರೆ ಇದೆಯಾ?" ಗಾಡಿಯವನು "ಇದೆ ಸ್ವಾಮಿ" ಅಂತಾನೆ. "ಹೋಗು" ಅಂತಾನೆ. ಮುದ್ರೆ ಇದೆಯಾ, ಇದೆ, ಹೋಗು. ಮುದ್ರೆ ಇದೆಯಾ, ಇದೆ, ಹೋಗು. ಸಾಲು ಮುಗಿಯೋವರೆಗೆ ಇದೇ ಮಂತ್ರ.

ದೀಪ ಉರಿಯುತ್ತಾ ಅಂತ ಕೇಳೋದಿಲ್ಲ. ಕೇಳಬಾರದು, ಅದೇ ನಿಯಮ. ಪಾಸಿಂಗಿನ ಬಯಲಲ್ಲಿ ದೀಪ ಹಚ್ಚೋದು ನಿಷಿದ್ಧ. ಹಚ್ಚಿದರೆ ನೆತ್ತಿಯ ಸೂರ್ಯನಿಗೆ ಅವಮಾನವಂತೆ. ಯಾವ ಪುಣ್ಯಾತ್ಮ ಹೇಳಿದನೋ, ನಾವು ನಂಬಿದೆವು.

ಪಾಸಾದ ದೀಪಕ್ಕೆ ತಂತಿ ಸುತ್ತಿ, ಗಂಟಿನ ಮೇಲೆ ಸೀಸದ ಗುಂಡು ಒತ್ತುತ್ತಾರೆ. ಹೊತ್ತು ಮುಳುಗೋವರೆಗೆ ಅದನ್ನು ಬಿಚ್ಚಬಾರದು, ಬಿಚ್ಚಿದರೆ ಗಾಡಿ ಜಪ್ತಿ. ಅವತ್ತು ಕಣಿವೆಯ ಬಾಯಿಗೆ ಸರಪಳಿ. ತಂತಿ ಇಲ್ಲದ ಗಾಡಿಗೆ ಸರಪಳಿ ಇಳಿಸೋದಿಲ್ಲ. ಸರಿ, ನಾವೇನು ಮಾಡ್ತೀವಿ? ಬೆಳಗ್ಗೆ ಅಟ್ಟದಿಂದ ಮುದ್ರೆಯ ದೀಪ ಇಳಿಸ್ತೀವಿ. ನಾನು ಹುಣಸೆ ಮರದ ಕೆಳಗೆ ಕೂತು ಒಂದೊಂದೇ ಗಾಡಿಗೆ ಒಳ್ಳೇ ದೀಪ ಬಿಚ್ಚಿ ಕುರುಡು ದೀಪ ಹಾಕ್ತೀನಿ. ಒಳ್ಳೇ ದೀಪಗಳೆಲ್ಲ ನನ್ನ ಬುಟ್ಟಿಗೆ. ಹೊತ್ತು ಮುಳುಗಿದ ಮೇಲೆ ಮತ್ತೆ ಅದಲುಬದಲು. ಅವತ್ತು ಒಂದು ದಿನ ಯಾರೂ ಕಣಿವೆಗೆ ಹೋಗೋದಿಲ್ಲ. ಪರೀಕ್ಷಕನಿಗೆ ಇದೆಲ್ಲ ಗೊತ್ತು. ಹುಣಸೆ ಮರ ಇರೋದು ಹೊಂಗೆ ಮರದಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಅವನೇನು ಕುರುಡನೇ?

ಇನ್ನೊಂದು ಹೇಳ್ತೀನಿ, ಮೈ ಉರಿಯುತ್ತೆ ಹೇಳೋಕೆ. ಪರೀಕ್ಷಕನ ಮನೆ ಇರೋದು ಆಚೆಯೂರಲ್ಲಿ. ಪಾಸಿಂಗಿನ ದಿನ ಅವನು ಬರೋದೂ ಅದೇ ಕಣಿವೆಯಲ್ಲಿ, ಬೈಕಿನ ಮೇಲೇ. ಅವನ ಬೈಕಿಗೆ ಇರೋದು ಮುದ್ರೆ ಇಲ್ಲದ ದೀಪ. ಹಾಕಿದವನು ನಾನು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡೋದು? ಅವನ ಗಾಡಿಯನ್ನು ಪರೀಕ್ಷೆ ಮಾಡೋರು ಯಾರೂ ಇಲ್ಲ. ನಾವೆಲ್ಲ ನೋಡ್ತೀವಿ, ನೋಡಿ ನೆಲ ನೋಡ್ತೀವಿ.

ನಿಯಮ ಮೊದಲು ಹೀಗಿರಲಿಲ್ಲ. ಬಯಲಿನ ಮೂಲೆಯಲ್ಲಿ ಕಿಟಕಿ ಇಲ್ಲದ ಒಂದು ಕತ್ತಲೆ ಕೋಣೆ ಇದೆ. ಒಳಗಿನ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಒಂದು ಗೆರೆ. ಹಿಂದೆ ಯಾರೋ ಶೋಕಿಗೆ ಬಿದ್ದು ಕೋಲ್ಮಿಂಚಿನಂಥ ದೀಪ ಮೇಲ್ಮುಖವಾಗಿ ಕಟ್ಟಿಕೊಂಡು ಕಣಿವೆಗೆ ಹೋದನಂತೆ. ಎದುರಿನಿಂದ ಬಂದವನು ಕಣ್ಣು ಕುಕ್ಕಿ ಪ್ರಪಾತಕ್ಕೆ ಬಿದ್ದನಂತೆ. ಆಮೇಲೆ ಹಿರಿಯರು ಕೂತು ಆ ಗೆರೆ ಎಳೆದರು. ಗಾಡಿಯನ್ನು ಕೋಣೆಗೆ ತಾ, ಬಾಗಿಲು ಹಾಕು, ದೀಪ ಹಚ್ಚು. ಬೆಳಕು ಗೆರೆಯ ಕೆಳಗೆ ತುಂಬಿರಬೇಕು, ಗೆರೆಯ ಮೇಲೆ ಏರಬಾರದು. ದಾರಿ ಕಾಣಬೇಕು, ಎದುರಿನವನ ಕಣ್ಣು ಉಳಿಯಬೇಕು. ಅಷ್ಟೇ ಇದ್ದದ್ದು. ಒಂದೊಂದು ಗಾಡಿ ಕೋಣೆಗೆ ತಳ್ಳೋದು ಬೇಸರ ಅಂತ ಮುದ್ರೆ ತಂದರು. ಮುದ್ರೆ ಬಂದ ಮೇಲೆ ಕೋಣೆಯಲ್ಲಿ ಮೆಣಸಿನಕಾಯಿ ಮೂಟೆ ಒಟ್ಟಿದರು.

ನಾನೂ ಸಾಚಾ ಅಲ್ಲ. ಕೇಳಿದವರಿಗೆ ಕಣ್ಣು ಕುಕ್ಕುವ ದೀಪವನ್ನೂ ಕಟ್ಟಿಕೊಟ್ಟಿದ್ದೀನಿ. ಪರೀಕ್ಷಕನದೇ ಹಾಗಿತ್ತು. "ದೊಡ್ಡದಾಗಿ ಹಾಕಯ್ಯಾ ಮೇಸ್ತ್ರಿ, ನಾನು ಬರೋದು ದೂರದಿಂದಲೇ ಗೊತ್ತಾಗಲಿ" ಅಂದಿದ್ದ. ಹಾಕಿದೆ. ಹೊಟ್ಟೆಪಾಡು ಅಂತ ಅಂದುಕೊಂಡೆ.

ಇನ್ನೊಂದು ಪದ್ಧತಿ ಇದೆ, ಅದನ್ನು ಹೇಳದೆ ಮುಂದಿನದು ತಿಳಿಯೋದಿಲ್ಲ. ಪಾಸಿಂಗಿನ ದಿನ ಮುದ್ರೆ ಇಲ್ಲದ ಮೂರು ಕಳ್ಳ ದೀಪ ಒಡೆಯಲೇಬೇಕು. ಒಡೆದರೆ ನಿಯಮ ಜೀವಂತ ಇದೆ ಅಂತ ಮೇಲಿನವರಿಗೆ ತೋರಿಸಬಹುದು. ಪರೀಕ್ಷಕನ ಜವಾನ ಹುಣಸೆ ಮರದ ಹತ್ತಿರ ಬರ್ತಾನೆ, ಬುಟ್ಟಿಯಲ್ಲಿ ಮೇಲಿದ್ದ ಮೂರು ದೀಪ ಎತ್ತಿಕೊಂಡು ಹೋಗ್ತಾನೆ, ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟುತ್ತಾನೆ. ಅದಕ್ಕೇ ನಾನು ಸುಟ್ಟುಹೋದ ಮೂರು ಹಳೇ ದೀಪ ಬುಟ್ಟಿಯ ಮೇಲೆ ಇಟ್ಟಿರ್ತೀನಿ. ಅವನಿಗೂ ಗೊತ್ತು, ನನಗೂ ಗೊತ್ತು. ಎಷ್ಟೋ ವರ್ಷದಿಂದ ಸತ್ತ ದೀಪಗಳನ್ನೇ ಕೊಲ್ಲುತ್ತಾ ಬಂದಿದ್ದೀವಿ.

ಆ ವರ್ಷ ಸೂಲಗಿತ್ತಿ ತಡವಾಗಿ ಬಂದಳು. ಈಚೆಯಲ್ಲೇ ಒಂದು ಹೆರಿಗೆ ಮುಗಿಸಿ, ಕೈ ತೊಳೆದು, ಸೀದಾ ಬಯಲಿಗೆ ಬಂದಿದ್ದಳು. ಅವಳದು ಹಳೇ ಗಾಡಿ, ತಟ್ಟೆಯಷ್ಟಗಲದ ದೀಪ. ಆ ಅಳತೆಯ ಗಾಡಿ ಊರಲ್ಲಿ ಇನ್ನೊಂದಿಲ್ಲ. ಇದ್ದದ್ದು ಪರೀಕ್ಷಕನದು ಮಾತ್ರ.

"ಬೇಗ ಹಾಕಿಕೊಡಣ್ಣಾ, ಆಚೆ ಕುಂಬಾರಗಿತ್ತಿಗೆ ದಿನ ತುಂಬಿದೆ. ಯಾವ ಗಳಿಗೆಗೆ ಕೂಗು ಬರುತ್ತೋ" ಅಂದಳು.

ಅವಳ ಮಾತು ಮುಗಿದಿರಲಿಲ್ಲ, ಕಣಿವೆಯಿಂದ ಜಾಗಟೆ ಕೇಳಿಸಿತು. ಢಣ್. ಆಮೇಲೆ ತುಸು ಹೊತ್ತು ಬಿಟ್ಟು, ಢಣ್. ಆಚೆಯವರು ಹೆರಿಗೆಗೆ ಕರೆಯೋದು ಹಾಗೆ. ನೋವು ಶುರುವಾದರೆ ಬಿಟ್ಟು ಬಿಟ್ಟು ಹೊಡೀತಾರೆ, ಬಿಗಿಯಾದರೆ ಬಿಡದೆ ಹೊಡೀತಾರೆ. ನನ್ನ ಕೈ ಗಡಿಬಿಡಿಯಾಯಿತು. ಅವಳ ದೀಪ ಬಿಚ್ಚಿದೆ, ಬುಟ್ಟಿಗೆ ಇಟ್ಟೆ, ಕುರುಡು ದೀಪ ಹಾಕಿದೆ, ಕಳಿಸಿದೆ. ಬುಟ್ಟಿಯಲ್ಲಿ ಎಲ್ಲಿಟ್ಟೆ ಅಂತ ನೋಡಲಿಲ್ಲ. ಮೇಲೆ ಇಟ್ಟಿದ್ದೆ.

ಸಾಲಲ್ಲಿ ಅವಳ ಮುಂದೆ ಹನ್ನೊಂದು ಗಾಡಿ. "ಅಣ್ಣಂದಿರಾ, ದಾರಿ ಬಿಡಿ, ಜಾಗಟೆ ಕೇಳ್ತಿದೆಯಲ್ಲ" ಅಂದಳು. ಒಬ್ಬನೂ ಇಲ್ಲ ಅನ್ನಲಿಲ್ಲ, ಕೇಳಿಸಿಕೊಳ್ಳಿ. "ನಂದೇನಿಲ್ಲಮ್ಮ, ಮುಂದಿನವರನ್ನ ಕೇಳು" ಅಂದರು. ಹನ್ನೊಂದು ಜನ, ಹನ್ನೊಂದೂ ಬಾಯಲ್ಲಿ ಅದೇ ಮಾತು. ಥೂ! ಅವರನ್ನೆಲ್ಲ ಭೂಮಿಗೆ ಇಳಿಸಿದ್ದು ಅವಳ ಅಮ್ಮ, ಅವಳ ಅಜ್ಜಿ. ಪರೀಕ್ಷಕನನ್ನು ಕೇಳಿದಳು. "ಸಾಲು ಅಂದ್ರೆ ಸಾಲಮ್ಮಾ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತೆ" ಅಂದ. ಮುದ್ರೆ ಇದೆಯಾ, ಇದೆ, ಹೋಗು. ಢಣ್. ಮುದ್ರೆ ಇದೆಯಾ, ಇದೆ, ಹೋಗು. ಢಣ್.

ಆ ಹೊತ್ತಿಗೇ ಜವಾನ ಬಂದು ಬುಟ್ಟಿಗೆ ಕೈ ಹಾಕಿದ. ತಟ್ಟೆಯಗಲದ ಗಾಜು ಅವನ ಕೈಯಲ್ಲಿ ಫಳಕ್ಕನೆ ಹೊಳೆದಾಗಲೇ ಅದು ಸೂಲಗಿತ್ತಿಯದು ಅಂತ ಗೊತ್ತಾಗಿದ್ದು. "ಅದು ಬೇಡ" ಅನ್ನಬೇಕಿತ್ತು. ಅಂದರೆ ಅದು ಉರಿಯೋ ದೀಪ, ನಾನು ಕಟ್ಟಿದ್ದು ಅಂತ ಎಲ್ಲರ ಎದುರು ಒಪ್ಪಿಕೊಂಡ ಹಾಗೆ. ಬಾಯಿಗೆ ಬೀಗ ಬಿತ್ತು. ಒನಕೆ ಮೂರು ಸಲ ಇಳಿಯಿತು. ಎರಡು ಸತ್ತ ದೀಪ, ಒಂದು ಬದುಕಿದ್ದ ದೀಪ. ಒರಳಲ್ಲಿ ಎಲ್ಲಾ ಒಂದೇ ಪುಡಿ ಆಯಿತು.

ಅವಳ ಸರದಿ ಬಂದಾಗ ಜಾಗಟೆ ಬಿಡುವಿಲ್ಲದೆ ಹೊಡೀತಿತ್ತು. "ಮುದ್ರೆ ಇದೆಯಾ?" "ಇದೆ ಸ್ವಾಮಿ, ಬೇಗ ತಂತಿ ಕಟ್ಟಿ!" ತಂತಿ ಕಟ್ಟಿದರು. ಅವಳು ನನ್ನತ್ತ ನೋಡಿದಳು. ಈ ದೀಪದಲ್ಲಿ ಹೇಗೆ ಹೋಗಲಿ ಅನ್ನೋ ನೋಟ ಅದು. ನಾನು ಏನಂದೆ ಗೊತ್ತಾ? ಈ ನಾಲಿಗೆ ಏನಂತು ಗೊತ್ತಾ? "ನಿಧಾನಕ್ಕೆ ಹೋಗು ತಂಗೀ, ನಿನಗೆ ದಾರಿ ಗೊತ್ತಲ್ಲ" ಅಂತು.

ಸರಪಳಿ ಇಳಿಯಿತು, ಅವಳು ಒಳಗೆ ಹೋದಳು. ಒಂದು ಎಲೆ ಅಡಿಕೆ ಜಗಿಯೋಷ್ಟು ಹೊತ್ತಿಗೆ ವಾಪಸು ಬಂದಳು, ಗಾಡಿ ತಳ್ಳಿಕೊಂಡು. ಮೊಣಕಾಲು ತರಚಿಹೋಗಿ ಸೀರೆಯೆಲ್ಲ ರಕ್ತ. "ಅಣ್ಣಾ, ಮುಂದಿನ ಚಕ್ರವೇ ಕಾಣ್ತಿಲ್ಲ. ಬಂಡೆಗೆ ಬಡಿದೆ, ಎಡಕ್ಕೆ ಬಿದ್ದಿದ್ದರೆ ಕತೆ ಮುಗೀತಿತ್ತು. ನನ್ನ ದೀಪ ಕೊಡು" ಅಂದಳು.

ನಾನು ಒರಳು ತೋರಿಸಿದೆ.

ಅವಳು ಒರಳಿಗೆ ಕೈ ಹಾಕಿ ಗಾಜಿನ ಪುಡಿ ಮುಷ್ಟಿಯಲ್ಲಿ ಎತ್ತಿದಳು. ಕೈ ಕುಯ್ದುಕೊಂಡು ನನ್ನ ಮುಖದ ಮುಂದೆ ಹಿಡಿದು, "ಇದನ್ನ ಹಚ್ಚಿಕೊಡು" ಅಂದಳು. ಢಣ್ ಢಣ್ ಢಣ್. ಆಗ ಇಷ್ಟು ವರ್ಷ ಬಗ್ಗಿಸಿದ ಬೆನ್ನು ನೆಟ್ಟಗಾಯಿತು. ಸ್ಪ್ಯಾನರ್ ಹಿಡಿದು ಹೊಂಗೆ ಮರದ ಕಡೆ ನಡೆದೆ. ಪರೀಕ್ಷಕನ ಹತ್ತಿರ ಅಲ್ಲ, ಅವನ ಗಾಡಿಯ ಹತ್ತಿರ.

"ಏಯ್ ಮೇಸ್ತ್ರಿ! ಏನ್ ಮಾಡ್ತಿದ್ದೀಯಾ?"

"ಪಾಸಿಂಗ್ ಮಾಡ್ತಿದ್ದೀನಿ ಸ್ವಾಮಿ. ಮುದ್ರೆ ಇದೆಯಾ?"

ಅವನು ಕುರ್ಚಿಯಿಂದ ಎದ್ದ.

"ಕೈ ತೆಗಿ. ಅದು ನನ್ನ ಗಾಡಿ."

"ಗೊತ್ತು. ಹಾಕಿದವನು ನಾನೇ. ಭೂತಗನ್ನಡಿ ತಗೊಂಡು ಬನ್ನಿ, ಇಲ್ಲಿ ಹಿಡೀರಿ. ಉಂಗುರ ಎಲ್ಲಿ? ಮೂರು ಗೆರೆ ಎಲ್ಲಿ? ಇಲ್ಲ ಅಲ್ವಾ? ಹಾಗಾದ್ರೆ ಇದು ಕಳ್ಳ ದೀಪ. ನಾನು ಒಡೆಯೋದಿಲ್ಲ, ಎತ್ತಿಕೊಂಡು ಹೋಗ್ತೀನಿ."

"ನಿನ್ನ ಅಂಗಡಿ ಮುಚ್ಚಿಸ್ತೀನಿ!"

"ಮುಚ್ಚಿಸಿ. ಅಂಗಡಿ ಬಾಗಿಲಿಗೆ ತಂತಿ ನೀವೇ ಕಟ್ಟಿ, ಸೀಸ ನೀವೇ ಒತ್ತಿ."

ಜವಾನ ಒನಕೆ ಹಿಡಿದು ನಿಂತಿದ್ದ. ಹತ್ತಿರ ಬರಲಿಲ್ಲ. ಸಾಲಿನವರು ತಡೆಯೋಕೂ ಬರಲಿಲ್ಲ, ನನ್ನ ಪರವಾಗಿಯೂ ಬರಲಿಲ್ಲ, ನೆನಪಿರಲಿ. ಪರೀಕ್ಷಕನ ದೀಪ ಬಿಚ್ಚಿದೆ. ಸೂಲಗಿತ್ತಿಯ ಗಾಡಿಯ ಸೀಸದ ತಂತಿ ಕತ್ತರಿಸಿದೆ. ಕುರುಡು ದೀಪ ತೆಗೆದು ಇದನ್ನು ಕೂರಿಸಿದೆ, ಮೇಲ್ಮುಖವಾಗಿದ್ದದ್ದನ್ನು ಕೈಯಲ್ಲೇ ಅದುಮಿ ದಾರಿಯ ಕಡೆ ಬಗ್ಗಿಸಿದೆ. ಇಳಿಸಿದ ಸರಪಳಿಯನ್ನು ಯಾರೂ ಮತ್ತೆ ಎತ್ತಿರಲಿಲ್ಲ, ಅವಳು ಹೋದಳು. ಕಣಿವೆಯ ಬಾಯಲ್ಲಿ ಒಂದು ಬೆಳಕು ಉದ್ದಕ್ಕೆ ನೆಲಕ್ಕೆ ಬಿದ್ದು, ತಿರುವಿನಲ್ಲಿ ಮರೆಯಾಯಿತು.

ಅದಾಗಿ ತುಸು ಹೊತ್ತಿಗೆ ಜಾಗಟೆ ನಿಂತಿತು.

ಹೆರಿಗೆ ಆದರೆ ಜಾಗಟೆ ನಿಲ್ಲುತ್ತೆ. ಆಗದೆ ಮುಗಿದರೂ ನಿಲ್ಲುತ್ತೆ. ಯಾವುದು ಅಂತ ಈಚೆ ನಿಂತವರಿಗೆ ಗೊತ್ತಾಗೋದಿಲ್ಲ. ಅವಳು ಮುಟ್ಟಿರೋಕೆ ಸಾಧ್ಯವೇ ಅಂತ ಎಲ್ಲರೂ ಒಳಗೊಳಗೇ ಲೆಕ್ಕ ಹಾಕಿದೆವು.

ಸುಮ್ಮನೆ ಕೂರೋಕೆ ನನ್ನಿಂದ ಆಗಲಿಲ್ಲ. ಅವಳ ಗಾಡಿಯಿಂದ ತೆಗೆದಿದ್ದ ಕುರುಡು ದೀಪವನ್ನು ಪರೀಕ್ಷಕನ ಗಾಡಿಗೆ ಹಾಕಿದೆ. ಅಳತೆ ಸರಿಯಾಗಿ ಕೂತಿತು. "ತಗೊಳ್ಳಿ ಸ್ವಾಮಿ. ನೀವೇ ಈಗ ತಾನೆ ಪಾಸು ಮಾಡಿದ ದೀಪ. ಮುದ್ರೆ ಇದೆ, ಹೋಗಿ" ಅಂದೆ.

ಹೊತ್ತು ಇಳೀತಾ ಇತ್ತು, ಅವನಿಗೆ ಮನೆಗೆ ಹೋಗಬೇಕಿತ್ತು. ಗಾಡಿ ತಳ್ಳಿಕೊಂಡು ಕಣಿವೆಯ ಬಾಯಿಗೆ ಹೋದ. ದೀಪ ಹಚ್ಚಿದ. ತನ್ನ ಬೂಟೂ ತನಗೆ ಕಾಣಲಿಲ್ಲ. ಅಲ್ಲೇ ನಿಂತ. ಅವನ ಹಿಂದೆ ನಾವೆಲ್ಲ ನಿಂತೆವು. ನಾನು ಅಂದೆ, "ಮುದ್ರೆ ಇದೆ, ಹೋಗಿ." ಸಾಲಿನಿಂದ ಇನ್ನೊಬ್ಬ, ಅವತ್ತು ಮೊದಲ ಸಲ ಪರೀಕ್ಷಕನಿಗೆ ಎದುರು ನಿಂತು, "ಮುದ್ರೆ ಇದೆಯಲ್ಲ ಸ್ವಾಮಿ, ಹೋಗಿ" ಅಂದ. ಆಮೇಲೆ ಎಲ್ಲರೂ. ಮುದ್ರೆ ಇದೆ, ಹೋಗಿ. ಮುದ್ರೆ ಇದೆ, ಹೋಗಿ. ಅವನು ಒಂದು ಹೆಜ್ಜೆ ಮುಂದಿಡಲಿಲ್ಲ. ನನಗೆ ಕರುಣೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆಗ ಒಳಗಿನಿಂದ ಗಾಡಿಯ ಸದ್ದು ಬಂತು. ಬೆಳಕು ಬಂತು. ಆ ಬೆಳಕು ಯಾರ ಕಣ್ಣಿಗೂ ಬೀಳಲಿಲ್ಲ, ನಮ್ಮೆಲ್ಲರ ಕಾಲಿನ ಮೇಲೆ ಬಿತ್ತು. ಸೂಲಗಿತ್ತಿ ಇಳಿದಳು.

"ತಾಯಿ ಇದ್ದಾಳೆ" ಅಂದಳು. ಅಷ್ಟೇ ಅಂದಳು.

ಅವಳು ಚೀಲದಿಂದ ಒಂದು ಕುಲಾವಿ ತೆಗೆದಳು. ಪ್ರತಿ ಹೆರಿಗೆಗೂ ತಾನೇ ಹೊಲಿದು ಒಯ್ಯುವ ಕೆಂಪು ಅಂಚಿನ ಕುಲಾವಿ. ಮಡಿಕೆ ಬಿಚ್ಚಿರಲಿಲ್ಲ.

"ಕೂಸು ಅಡ್ಡ ತಿರುಗಿತ್ತು. ತಿರುಗಿಸಬಹುದಿತ್ತು, ಎಷ್ಟೋ ತಿರುಗಿಸಿದ್ದೀನಿ. ನಾನು ಹೊಸ್ತಿಲು ದಾಟೋವಾಗ ಜಾಗಟೆ ನಿಂತಿತ್ತು." ಅವಳು ಸಾಲಿನ ಹತ್ತಿರ ಹೋದಳು. ಒಬ್ಬೊಬ್ಬನ ಮುಂದೆ ನಿಂತು, ಬೆರಳು ತೋರಿಸಿ, ಒಂದು, ಎರಡು, ಮೂರು, ಹನ್ನೊಂದರವರೆಗೆ ಎಣಿಸಿದಳು. ಪರೀಕ್ಷಕನ ಮುಂದೆ ನಿಂತು ಹನ್ನೆರಡು ಅಂದಳು. ಕೊನೆಗೆ ನನ್ನ ಮುಂದೆ ಬಂದಳು. ನಾನು ತಪ್ಪಿಸಿಕೊಂಡೆ ಅಂದುಕೊಂಡಿದ್ದೆ. "ಹದಿಮೂರು" ಅಂದಳು.

ಕತ್ತಲೆ ಕೋಣೆಯ ಮೆಣಸಿನಕಾಯಿ ಮೂಟೆಗಳನ್ನು ಅವಳೇ ಎಳೆದು ಹೊರಗೆ ಹಾಕಿದಳು. ಗೋಡೆಯ ಗೆರೆ ಮಾಸಿತ್ತು. ಆ ಗೆರೆಯ ಎತ್ತರಕ್ಕೆ ಒಂದು ಮೊಳೆ ಹೊಡೆದು ಕುಲಾವಿ ನೇತುಹಾಕಿದಳು. ಪರೀಕ್ಷಕ ತನ್ನ ಪಾಸಾದ ದೀಪದ ಗಾಡಿಯನ್ನು ಒಳಗೆ ತಳ್ಳಿದ, ಯಾರೂ ಹೇಳದೆ. ನಾವೂ ಒಳಹೊಕ್ಕ ಮೇಲೆ ಬಾಗಿಲು ಹಾಕಿ ದೀಪ ಹಚ್ಚಿದ. ಗೋಡೆ ಕಾಣಲಿಲ್ಲ. ಕುಲಾವಿಯೂ ಕಾಣಲಿಲ್ಲ. ಕತ್ತಲಲ್ಲಿ ಅವನು ಬಿಕ್ಕಿದ್ದು ಮಾತ್ರ ಕೇಳಿಸಿತು.

ಅಂದಿನಿಂದ ನಮ್ಮೂರ ಪಾಸಿಂಗು ಆ ಕೋಣೆಯಲ್ಲೇ. ಬೆಳಕು ಕುಲಾವಿಯ ಕೆಳಗೆ ಗೋಡೆ ತುಂಬ ಬೀಳಬೇಕು, ಕುಲಾವಿಯ ಮೇಲೆ ಬೀಳಬಾರದು. ಮುದ್ರೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನಾನು ಕಟ್ಟಿದ ದೀಪಗಳಲ್ಲೇ ಆರು ಫೇಲಾದವು, ನಾನೇ ಒರಳಿಗೆ ಹಾಕಿದೆ. ಇಷ್ಟು ಸುಲಭದ ಕೆಲಸ ಇದು. ಇದನ್ನು ಕಲಿಯೋಕೆ ನಮಗೆ ಒಂದು ಕೂಸು ಬೇಕಿತ್ತೇನ್ರಯ್ಯಾ?

ಸಿಟ್ಟು ಇಳೀತು ಅಂದುಕೊಂಡಿದ್ದೆ. ಮೊನ್ನೆ ಮೇಲಿನವರ ಕಡೆಯಿಂದ ಒಬ್ಬ ಅಧಿಕಾರಿ ಬಂದ. ಹೊಸ ಶರಟು, ಹೊಸ ಭೂತಗನ್ನಡಿ. ಕೋಣೆಯ ಬಾಗಿಲು ಪೂರ್ತಿ ತೆಗೆಸಿ, ಒಳಗೆ ಬಿದ್ದ ಬಿಸಿಲಲ್ಲಿ ನಿಂತು, ಕುಲಾವಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಕೆಂಪು ಅಂಚಿಗೆ ಭೂತಗನ್ನಡಿ ಹಿಡಿದು ಬಗ್ಗಿದ.

"ಇದಕ್ಕೆ ಮುದ್ರೆ ಇದೆಯೇನ್ರೀ?" ಅಂದ.

ನಾನು ಸ್ಪ್ಯಾನರ್ ಕೆಳಗಿಟ್ಟೆ. ಕೈಯಲ್ಲೇ ಇದ್ದಿದ್ದರೆ ಏನಾಗ್ತಿತ್ತೋ ಗೊತ್ತಿಲ್ಲ. ಸೂಲಗಿತ್ತಿ ಎದ್ದು ಹೋಗಿ ಒಳಗಿನಿಂದ ಬಾಗಿಲು ಹಾಕಿ ಅಗಳಿ ಜಡಿದಳು. ಕೋಣೆಯಲ್ಲಿ ಅವನ ಕೈ ಅವನಿಗೇ ಕಾಣದಷ್ಟು ಕತ್ತಲೆ.

"ಈಗ ಹುಡುಕಿ ಸ್ವಾಮಿ" ಅಂದಳು, "ಮುದ್ರೆ ಎಲ್ಲಿದೆ ಅಂತ."